ಯಜಮಾನ ಎಂಬ ಮಾತು



ಓರಗೆಯವನೊಬ್ಬ ಹುಕುಂ ಚಲಾಯಿಸಿದರೆ ‘ನಮ್ಮ ಮೇಲೆ ಯಜಮಾನಿಕೆ ಮಾಡೋಕೆ ಬಂದೆಯಾ?’ ಎಂದು ತಿರುಗಿ ಬೀಳುತ್ತೇವೆ. ದೊಡ್ಡ ದೇಶ ಸಣ್ಣ ದೇಶವನ್ನು ತುಳಿದರೆ ನಮ್ಮ ವಿಮರ್ಶಕರು ಅದನ್ನೂ ಯಜಮಾನಿಕೆ ಎಂದೇ ಬರೆಯುತ್ತಾರೆ. ಇಷ್ಟಾದರೂ ಹೆಂಡತಿ ಗಂಡನನ್ನು ಮರ್ಯಾದೆಯಿಂದ ‘ನಮ್ಮ ಯಜಮಾನರು’ ಎನ್ನುವುದು ನಿಂತಿಲ್ಲ. ಬೈಗುಳವೂ ಗೌರವವೂ ಒಂದೇ ಮಾತಿನಲ್ಲಿ ಹೇಗೆ ಕೂಡಿದವು?

ಮೂಲ ಸಂಸ್ಕೃತದ್ದು. ‘ಯಜ್’ ಎಂದರೆ ಪೂಜಿಸು, ಯಾಗ ಮಾಡು. ಈ ಧಾತುವಿಗೆ ಯಜತಿ, ಯಜತೇ ಎಂದು ಎರಡು ರೂಪ. ಕ್ರಿಯೆಯ ಫಲ ಕರ್ತೃವಿಗೇ ಸೇರುವುದಾದರೆ ಎರಡನೆಯದು ಎಂದು ಪಾಣಿನಿ ಸೂತ್ರ ಮಾಡಿದ್ದಾನೆ. ದಕ್ಷಿಣೆ ಪಡೆದು ಪರರಿಗಾಗಿ ಹೋಮ ಮಾಡುವ ಪುರೋಹಿತನದು ಯಜತಿ. ಫಲ ಬಯಸಿ ಖರ್ಚು ವಹಿಸುವವನದು ಯಜತೇ. ಯಜಮಾನ ಹುಟ್ಟಿದ್ದು ಇಲ್ಲಿ. ತನಗಾಗಿ ಯಾಗ ಮಾಡುವವನು, ಅಷ್ಟೆ. ಒಡೆಯ ಎಂಬ ಅರ್ಥ ಧಾತುವಿನಲ್ಲಿ ಇಲ್ಲ.

ಆ ಯಜಮಾನನ ಪಾಡನ್ನಾದರೂ ಕೇಳಿ. ಸೋಮಯಾಗದ ದೀಕ್ಷೆ ತೊಟ್ಟವನು ಹಾಲು ಕುಡಿದುಕೊಂಡಿರಬೇಕು, ನೆಲದ ಮೇಲೆ ಮಲಗಬೇಕು, ಮುಷ್ಟಿ ಬಿಗಿದಿರಬೇಕು. ಮೈ ತುರಿಸಿದರೆ ಉಗುರು ತಾಗಿಸುವಂತಿಲ್ಲ. ಅದಕ್ಕೆ ಕೃಷ್ಣಮೃಗದ ಕೊಂಬು! ಹೆಂಡತಿ ಜೊತೆಗಿಲ್ಲದೆ ಯಾಗ ಸಾಗದು. ಯಾಗದಲ್ಲಿ ಪಾಲುಳ್ಳವಳೆಂದೇ ಆಕೆಗೆ ‘ಪತ್ನಿ’ ಎಂಬ ಹೆಸರು ಎನ್ನುವುದೂ ಪಾಣಿನಿಯ ಸೂತ್ರವೇ. ಇಷ್ಟು ಕಟ್ಟುಪಾಡಿನಲ್ಲಿದ್ದವನು ದರ್ಪ ತೋರಿಸುವುದೆಲ್ಲಿಂದ ಬಂತು?

ದುಡ್ಡು ಅವನದಾಗಿತ್ತು, ದಕ್ಷಿಣೆಯ ಹಸುಗಳು ಅವನವಾಗಿದ್ದವು. ಬರಬರುತ್ತ ಮಾತಿನಿಂದ ಯಾಗ ಕಳಚಿತು, ಕೊಡುವ ಕೈ ಉಳಿಯಿತು. ಉತ್ತರ ಭಾರತದ ಹಳ್ಳಿಗಳಲ್ಲಿ ಬಡಗಿ, ಕಮ್ಮಾರ, ಕ್ಷೌರಿಕರಿಂದ ಕೆಲಸ ಮಾಡಿಸಿಕೊಂಡು ಸುಗ್ಗಿಯಲ್ಲಿ ಕಾಳು ಅಳೆದುಕೊಡುವವನು ‘ಜಜಮಾನ’ನಾದ. ವಿಲಿಯಂ ವೈಸರ್ 1936ರಲ್ಲಿ ಈ ಪದ್ಧತಿಯ ಮೇಲೆ ಪುಸ್ತಕವನ್ನೇ ಬರೆದ. ನಮ್ಮಲ್ಲಿ ಕುಲದ ಯಜಮಾನ, ಊರ ಯಜಮಾನ, ಅಂಗಡಿಯ ಯಜಮಾನ. ಕಾಳು ಅಳೆಯುವವನ ಎದುರು ಯಾರು ಮಾತಾಡುತ್ತಾರೆ?

‘ಯಜಮಾನಿ’ಯ ಕಥೆ ಬೇರೆ. ಬಹುಕಾಲ ಅದಕ್ಕೆ ಯಜಮಾನರ ಹೆಂಡತಿ ಎಂಬುದೇ ರೂಢಿಯ ಅರ್ಥ. 2013ರ ಆಹಾರ ಭದ್ರತಾ ಕಾಯ್ದೆ, ಪಡಿತರ ಚೀಟಿಯ ಮಟ್ಟಿಗೆ, 18 ತುಂಬಿದ ಹೆಂಗಸರಲ್ಲಿ ಹಿರಿಯಳೇ ಮನೆಯ ಮುಖ್ಯಸ್ಥೆ ಎಂದಿತು. 2023ರಲ್ಲಿ ಕರ್ನಾಟಕದ ಗೃಹಲಕ್ಷ್ಮಿ ಯೋಜನೆ ಬಂದಾಗ ತಿಂಗಳಿಗೆ 2,000 ರೂಪಾಯಿ ‘ಮನೆಯ ಯಜಮಾನಿ’ಯ ಖಾತೆಗೆ ಎಂದು ಗೊತ್ತಾಯಿತು. ಗಂಡನ ನೆರಳಿಲ್ಲದೆ ಆ ಮಾತು ಸರ್ಕಾರಿ ಅರ್ಜಿಯ ಮೇಲೆ ಕೂತಿತು. ನನಗೆ ಇದು ಸಣ್ಣ ಸಂಗತಿ ಎನ್ನಿಸುವುದಿಲ್ಲ. ಆದರೆ ಆ ಹಣದಲ್ಲಿ ಏನು ಕೊಳ್ಳುತ್ತೀಯಮ್ಮ ಎಂದು ಕೇಳಿದರೆ, ‘ನಮ್ಮ ಯಜಮಾನರನ್ನು ಕೇಳಿ ಹೇಳುತ್ತೇನೆ’ ಎನ್ನುವ ಯಜಮಾನಿಯರೂ ಇದ್ದಾರು.