ನಾಮದ ಚಿಲುಮೆಗೆ ಹೊರಡುವ ಮುನ್ನ

ಪ್ರವಾಸ ಎಂದೊಡನೆ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ಬುತ್ತಿಗೆ ಏನು ಎಂಬುದು. ಚಿತ್ರಾನ್ನವೋ ಪುಳಿಯೋಗರೆಯೋ, ಅದನ್ನು ಮನೆಯವರು ನೋಡಿಕೊಳ್ಳಲಿ. ಚಿಲುಮೆ ನೋಡಲು ಹೊರಟ ಮಕ್ಕಳು ಅದಕ್ಕೂ ಮೊದಲು ಹುಡುಕಬೇಕಾದದ್ದು ಒಂದು ಥರ್ಮಾಮೀಟರ್. ಜ್ವರ ಬಂದಾಗ ಬಾಯಲ್ಲಿಡುವುದು ಇಲ್ಲಿ ನಡೆಯುವುದಿಲ್ಲ. ಅದರ ಅಂಕಿ ಶುರುವಾಗುವುದೇ 35 ಡಿಗ್ರಿ ಸೆಲ್ಸಿಯಸ್‌ನ ಆಚೀಚೆ. ಚಿಲುಮೆಯ ನೀರು ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ಕೆಂಪು ದ್ರವ ತುಂಬಿದ ಉದ್ದನೆಯ ಥರ್ಮಾಮೀಟರ್ ಇರುತ್ತದಲ್ಲ, ಅದನ್ನು ಮೇಷ್ಟ್ರ ಹತ್ತಿರ ಕೇಳಿ ಪಡೆಯಿರಿ. ಜೊತೆಗೆ ಒಂದು ಲೀಟರಿನ ಖಾಲಿ ಬಾಟಲಿ, ಸೆಕೆಂಡು ತೋರಿಸುವ ಗಡಿಯಾರ, ಒಂದು ನೋಟ್‌ಬುಕ್, ಪೆನ್ಸಿಲ್. ಪೆನ್ನಿನ ಬರಹ ಒದ್ದೆಯಾದರೆ ಅಳಿಸಿಹೋಗುತ್ತದೆ.

ನಾವು ಹೋಗುವ ಜಾಗ ತುಮಕೂರು ಜಿಲ್ಲೆಯ ನಾಮದ ಚಿಲುಮೆ. ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್. ತುಮಕೂರಿನಿಂದಲಾದರೆ ತೀರಾ ಹತ್ತಿರ. ದೇವರಾಯನದುರ್ಗದ ಬೆಟ್ಟಸಾಲಿನ ಬುಡದಲ್ಲಿ, ಕಾಡಿನ ನಡುವೆ, ಬಂಡೆಯಲ್ಲೊಂದು ಸಣ್ಣ ಕುಳಿ. ಅದರೊಳಗಿನಿಂದ ನೀರು ಒಸರುತ್ತದೆ. ವನವಾಸದ ಕಾಲದಲ್ಲಿ ಇಲ್ಲಿಗೆ ಬಂದ ರಾಮನಿಗೆ ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಬೇಕಾಯಿತಂತೆ. ಬಾಣ ಬಿಟ್ಟಾಗ ಬಂಡೆ ಸೀಳಿ ನೀರು ಚಿಮ್ಮಿತಂತೆ. ಊರವರು ಹೇಳುವ ಕಥೆ ಇದು. ಪಕ್ಕದಲ್ಲೇ ಅರಣ್ಯ ಇಲಾಖೆಯ ಜಿಂಕೆವನ, ಔಷಧಿ ಗಿಡಗಳ ತೋಟ ಇವೆ. ಬಾಗಿಲು ತೆರೆಯುವ ಹೊತ್ತು, ಟಿಕೆಟ್ಟು ಇವನ್ನೆಲ್ಲ ದೊಡ್ಡವರು ಇಲಾಖೆಯವರನ್ನು ಮೊದಲೇ ವಿಚಾರಿಸಿಕೊಳ್ಳಲಿ.

ಕುಳಿಯ ಮುಂದೆ ನಿಂತ ಪ್ರತಿ ಮಗುವೂ ಕೇಳುವ ಪ್ರಶ್ನೆ ಒಂದೇ: ಕಲ್ಲಿನೊಳಗೆ ನೀರು ಎಲ್ಲಿಂದ ಬಂತು?

ಉತ್ತರಕ್ಕೆ ಬಗ್ಗಿ ಕುಳಿಯೊಳಗೆ ನೋಡಬೇಡಿ. ತಲೆಯೆತ್ತಿ ಬೆಟ್ಟ ನೋಡಿ. ಈ ಭಾಗದ ಬಂಡೆಗಳು ಗ್ರಾನೈಟ್ ಮತ್ತು ಅದರ ಬಳಗದವು. ಇವುಗಳ ವಯಸ್ಸು ನೂರಾರು ಕೋಟಿ ವರ್ಷ. ಗಟ್ಟಿ ಗ್ರಾನೈಟಿನ ಒಂದು ತುಂಡನ್ನು ನೀರಲ್ಲಿ ನೆನೆಹಾಕಿದರೆ ಅದು ಹೆಚ್ಚುಕಡಿಮೆ ಏನನ್ನೂ ಹೀರುವುದಿಲ್ಲ. ಆದರೆ ಬೆಟ್ಟ ಅಂದರೆ ಒಂದೇ ತುಂಡಲ್ಲ. ಭೂಮಿಯ ಆಳದಲ್ಲಿ ಹುಟ್ಟಿದ ಬಂಡೆ ಮೇಲೆ ಬರುತ್ತಾ, ಅದರ ಮೇಲಿದ್ದ ಭಾರ ಇಳಿಯುತ್ತಾ, ಅಲ್ಲಲ್ಲಿ ಸೀಳು ಬಿಡುತ್ತದೆ. ಬಿಸಿಲು ಮಳೆಗೆ ಆ ಸೀಳುಗಳು ಅಗಲವಾಗುತ್ತವೆ. ಮೇಲ್ಭಾಗದ ಕಲ್ಲು ಸವೆದು ನೊರಜುಗಲ್ಲಾಗಿ, ಮರಳಾಗಿ, ಮಣ್ಣಾಗಿ ಕೂರುತ್ತದೆ. ಆ ಮಣ್ಣಿನಲ್ಲಿ ಮರದ ಬೇರು, ಗೆದ್ದಲಿನ ದಾರಿ, ಎರೆಹುಳುವಿನ ಬಿಲ. ಮಳೆ ಬಿದ್ದಾಗ ನೀರು ಇಳಿಯುವುದು ಈ ದಾರಿಗಳಲ್ಲೇ. ಸೀಳಿನಿಂದ ಸೀಳಿಗೆ ದಾಟುತ್ತಾ, ತಡೆದು ನಿಲ್ಲುತ್ತಾ, ಮತ್ತೆ ಜಾರುತ್ತಾ ಅದು ಕೆಳಗೆ ಬರುತ್ತದೆ.

ಕಂಬಳಿಯನ್ನು ಒಗೆದು, ಹಿಂಡದೆ ಹಗ್ಗದ ಮೇಲೆ ಹರವಿದರೆ ಏನಾಗುತ್ತದೆ? ನೀರು ಸುರಿಯುವುದು ನಿಂತು ಎಷ್ಟೋ ಹೊತ್ತಾದರೂ ಅದರ ಕೆಳಗಿನ ಮೂಲೆಯಿಂದ ತೊಟ್ಟಿಕ್ಕುತ್ತಲೇ ಇರುತ್ತದೆ. ಬೆಟ್ಟವೂ ಹಾಗೆಯೇ. ಒಳಗಿನ ನೀರು ತುಂಬಿದ ಸೀಳು ಎಲ್ಲಿ ಹೊರಗಿನ ಗಾಳಿಗೆ ತೆರೆದುಕೊಳ್ಳುತ್ತದೋ ಅಲ್ಲಿ ಚಿಲುಮೆ. ಅದಕ್ಕೇ ಚಿಲುಮೆಗಳು ಬೆಟ್ಟದ ನೆತ್ತಿಗಿಂತ ಬುಡದಲ್ಲಿ, ಕಣಿವೆಯ ಮಗ್ಗುಲಲ್ಲಿ ಹೆಚ್ಚು.

ಈಗ ಥರ್ಮಾಮೀಟರ್ ತೆಗೆಯೋಣ. ಈ ಕುಳಿಯ ನೀರನ್ನು ಜನ ತೀರ್ಥವೆಂದು ಕಣ್ಣಿಗೊತ್ತಿಕೊಳ್ಳುತ್ತಾರೆ. ಅದರೊಳಗೆ ಏನನ್ನೂ ಅದ್ದಬಾರದು. ಅಲ್ಲಿರುವ ಸಿಬ್ಬಂದಿಯನ್ನು ಕೇಳಿ, ಅವರು ಒಪ್ಪಿದರೆ ಬಾಟಲಿಗೆ ಸ್ವಲ್ಪ ನೀರು ಹಿಡಿದು ತಕ್ಷಣ ಅಳೆಯಿರಿ. ಹಾಗೆಯೇ ಪಕ್ಕದ ಮರದ ನೆರಳಿನಲ್ಲಿ ಗಾಳಿಯ ಉಷ್ಣತೆಯನ್ನೂ ಬರೆದುಕೊಳ್ಳಿ. ಏಪ್ರಿಲ್ ಮಧ್ಯಾಹ್ನ ಹೋದವರಿಗೆ ನೀರು ತಂಪು ಅನ್ನಿಸುತ್ತದೆ. ಡಿಸೆಂಬರಿನ ನಸುಕಿನಲ್ಲಿ ಹೋದವರು ಅದೇ ನೀರು ಬೆಚ್ಚಗಿದೆ ಅನ್ನುತ್ತಾರೆ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ, ಎಂಥ ಸೋಜಿಗ ಎಂದು ಹಿರಿಯರು ಹೇಳುವುದನ್ನು ನೀವೂ ಕೇಳಿರಬಹುದು. ನಿಜ ಸಂಗತಿ ಇನ್ನೂ ಚೆಂದ. ನೀರಿನ ಉಷ್ಣತೆ ಬದಲಾಗಿರುವುದೇ ಇಲ್ಲ ಎನ್ನಬಹುದು. ಬದಲಾದದ್ದು ಹೊರಗಿನ ಗಾಳಿ ಮತ್ತು ನಿಮ್ಮ ಕೈ.

ಕೈಯ ಮಾತು ನಂಬುವಂತಿಲ್ಲ ಎನ್ನಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಮೂರು ಪಾತ್ರೆಗಳಲ್ಲಿ ತಣ್ಣೀರು, ಉಗುರುಬೆಚ್ಚಗಿನ ನೀರು, ಕೈ ತಾಳುವಷ್ಟು ಬಿಸಿನೀರು ಇಡಿ. ಒಂದು ಕೈ ತಣ್ಣೀರಿನಲ್ಲಿ, ಇನ್ನೊಂದು ಬಿಸಿನೀರಿನಲ್ಲಿ ಒಂದು ನಿಮಿಷ ಇರಲಿ. ಆಮೇಲೆ ಎರಡನ್ನೂ ನಡುವಿನ ಪಾತ್ರೆಗೆ ಹಾಕಿ. ಒಂದೇ ನೀರು, ಒಂದು ಕೈಗೆ ಬಿಸಿ, ಇನ್ನೊಂದಕ್ಕೆ ತಣ್ಣಗೆ! ಚರ್ಮಕ್ಕೆ ಗೊತ್ತಾಗುವುದು ನೀರು ತನಗಿಂತ ಬಿಸಿಯೋ ತಣ್ಣಗೋ ಅನ್ನುವುದಷ್ಟೆ. ಎಷ್ಟು ಡಿಗ್ರಿ ಎಂಬುದನ್ನು ಥರ್ಮಾಮೀಟರೇ ಹೇಳಬೇಕು.

ನೀರು ಬದಲಾಗದಿರಲು ಕಾರಣ ಮಣ್ಣು ಮತ್ತು ಕಲ್ಲಿನ ನಿಧಾನ. ಬೇಸಿಗೆಯ ಕಾವು ನೆಲದೊಳಗೆ ಇಳಿಯುತ್ತದೆ, ಆದರೆ ಕೆಲವು ಮೀಟರ್ ಆಳಕ್ಕೆ ಮುಟ್ಟಲು ತಿಂಗಳುಗಳೇ ಬೇಕು. ಅಷ್ಟರಲ್ಲಿ ಮೇಲೆ ಮಳೆಗಾಲ, ಚಳಿಗಾಲ ಬಂದಿರುತ್ತದೆ. ಅದರ ತಂಪು ಬೆನ್ನಟ್ಟಿ ಬರುತ್ತದೆ. ಹತ್ತು ಹದಿನೈದು ಮೀಟರ್ ಆಳಕ್ಕೆ ಹೋದರೆ ಬೇಸಿಗೆ ಚಳಿಗಾಲಗಳ ವ್ಯತ್ಯಾಸ ಹೆಚ್ಚುಕಡಿಮೆ ಅಳಿಸಿಹೋಗಿ, ಇಡೀ ವರ್ಷದ ಸರಾಸರಿ ಉಷ್ಣತೆ ಉಳಿಯುತ್ತದೆ. ಆ ಆಳದಲ್ಲಿ ಬಹಳ ಕಾಲ ಇದ್ದ ನೀರು ಅದೇ ಸರಾಸರಿಯನ್ನು ಹೊತ್ತು ಮೇಲೆ ಬರುತ್ತದೆ. ಚಿಲುಮೆಗೆ ಥರ್ಮಾಮೀಟರ್ ಇಟ್ಟವರು ಒಂದು ಇಡೀ ವರ್ಷದ ಹವೆಯನ್ನು ಒಂದೇ ಅಂಕಿಯಲ್ಲಿ ಓದುತ್ತಾರೆ. ಇದನ್ನು ತಿಳಿದ ಮೇಲೆ ನನಗಂತೂ ಯಾವ ಒರತೆ ಕಂಡರೂ ಅಳೆಯುವ ಆಸೆ.

ಈ ಬದಲಾಗದ ಉಷ್ಣತೆಯನ್ನೇ ನಂಬಿ ಬದುಕುವ ದೊಡ್ಡ ಪ್ರಾಣಿಯೊಂದಿದೆ. ಅಮೆರಿಕದ ಫ್ಲಾರಿಡಾದಲ್ಲಿ ಸುಣ್ಣಕಲ್ಲಿನ ನೆಲ. ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ನೀರಿಗೆ ಸುಣ್ಣಕಲ್ಲು ಕರಗಿ ನೆಲದೊಳಗೆ ಗುಹೆಗಳೇ ಆಗಿಬಿಟ್ಟಿವೆ. ಹಾಗಾಗಿ ಅಲ್ಲಿನ ಚಿಲುಮೆಗಳು ಒಸರುವುದಿಲ್ಲ, ಹೊಳೆಯಾಗಿಯೇ ಹೊರಡುತ್ತವೆ. ಬ್ಲೂ ಸ್ಪ್ರಿಂಗ್ ಎಂಬ ಉದ್ಯಾನದ ಚಿಲುಮೆಯೊಂದರಿಂದಲೇ ದಿನಕ್ಕೆ 30 ಕೋಟಿ ಲೀಟರಿಗಿಂತ ಹೆಚ್ಚು ನೀರು ಹೊರಬರುತ್ತದೆ. ಉಷ್ಣತೆ ವರ್ಷವಿಡೀ 22ರಿಂದ 23 ಡಿಗ್ರಿ. ಚಳಿಗಾಲದಲ್ಲಿ ಪಕ್ಕದ ಸೇಂಟ್ ಜಾನ್ಸ್ ನದಿ ತಣ್ಣಗಾದಾಗ ಮ್ಯಾನಟೀಗಳು ಗುಂಪುಗುಂಪಾಗಿ ಈ ಚಿಲುಮೆಗೆ ಬಂದು ಸೇರುತ್ತವೆ. ಹುಲ್ಲು, ಜೊಂಡು ಮೇಯುವ ಈ ಸಾಧು ಪ್ರಾಣಿ ನಾಲ್ಕೈದು ಕ್ವಿಂಟಲ್ ತೂಗುತ್ತದೆ. ಆನೆಗೆ ದೂರದ ಸಂಬಂಧಿ. ನಮ್ಮ ತಮಿಳುನಾಡಿನ ಕಡಲಲ್ಲಿರುವ ಕಡಲಹಸುವಿಗೆ ಹತ್ತಿರದ ನೆಂಟ. ನೋಡಲು ಇಷ್ಟು ದಪ್ಪಗಿದ್ದರೂ 20 ಡಿಗ್ರಿಗಿಂತ ತಣ್ಣನೆ ನೀರಿನಲ್ಲಿ ಅದು ಬಹಳ ದಿನ ತಾಳಲಾರದು. 2024ರ ಜನವರಿಯಲ್ಲಿ ಒಂದೇ ದಿನ ಬ್ಲೂ ಸ್ಪ್ರಿಂಗ್‌ನಲ್ಲಿ 932 ಮ್ಯಾನಟೀಗಳನ್ನು ಎಣಿಸಿದರು. ಚಳಿಗಾಲದ ತಿಂಗಳುಗಳಲ್ಲಿ ಅಲ್ಲಿ ಮನುಷ್ಯರು ನೀರಿಗಿಳಿಯುವಂತಿಲ್ಲ, ದಡದ ಹಲಗೆ ದಾರಿಯ ಮೇಲೆ ನಿಂತು ನೋಡಬೇಕು. ನಿಮ್ಮಲ್ಲಿ ಯಾರಿಗಾದರೂ ಅಲ್ಲಿ ಬಂಧುಗಳಿದ್ದರೆ, ನೋಡಲು ಜನವರಿಯ ತೀರಾ ಚಳಿಯ ಬೆಳಗನ್ನೇ ಆರಿಸಿಕೊಳ್ಳಲು ಹೇಳಿ. ಹೊರಗೆ ಚಳಿ ಹೆಚ್ಚಿದಷ್ಟೂ ಒಳಗೆ ಮ್ಯಾನಟೀ ಹೆಚ್ಚು.

ನಮ್ಮ ಚಿಲುಮೆಗೆ ಮರಳೋಣ. ಎರಡನೆಯ ಅಳತೆ ನೀರಿನ ಪ್ರಮಾಣ. ಇದಕ್ಕೆ ಯಾವ ಯಂತ್ರವೂ ಬೇಡ. ಸಣ್ಣ ಧಾರೆಯಾಗಿ ಬೀಳುವ ಯಾವ ಒರತೆಗಾದರೂ ಬಾಟಲಿ ಹಿಡಿದು, ಒಂದು ಲೀಟರ್ ತುಂಬಲು ಎಷ್ಟು ಸೆಕೆಂಡು ಬೇಕು ನೋಡಿ. ಇಪ್ಪತ್ತು ಸೆಕೆಂಡು ಎಂದಿಟ್ಟುಕೊಳ್ಳೋಣ. ನಿಮಿಷಕ್ಕೆ 3 ಲೀಟರ್. ಗಂಟೆಗೆ 180. ದಿನಕ್ಕೆ 4,320 ಲೀಟರ್! ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಸಿಗಬೇಕೆಂದು ಸರ್ಕಾರದ ಜಲ ಜೀವನ್ ಯೋಜನೆ ಹೇಳುತ್ತದೆ. ಆ ಲೆಕ್ಕದಲ್ಲಿ ಬೆರಳುಗಾತ್ರದ ಈ ಧಾರೆ 78 ಜನರಿಗೆ ಸಾಕು.

ಲೆಕ್ಕವನ್ನು ಇಲ್ಲಿಗೆ ನಿಲ್ಲಿಸಬೇಡಿ. ಅಷ್ಟು ನೀರು ಕೊಡಲು ಎಷ್ಟು ಬೆಟ್ಟ ಬೇಕು? ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್. ತುಮಕೂರಿನ ಕಡೆ ವರ್ಷಕ್ಕೆ 650 ಮಿ.ಮೀ. ಮಳೆ ಎಂದು ಹಿಡಿದರೆ, ಒಂದು ಎಕರೆಗೆ ಸುಮಾರು 26 ಲಕ್ಷ ಲೀಟರ್ ಬೀಳುತ್ತದೆ. ಇದರಲ್ಲಿ ಬಹುಪಾಲು ಆವಿಯಾಗುತ್ತದೆ, ಗಿಡಮರ ಕುಡಿಯುತ್ತವೆ, ಉಳಿದದ್ದು ಹಳ್ಳ ಹಿಡಿದು ಓಡುತ್ತದೆ. ಇಂಥ ಗಟ್ಟಿಬಂಡೆಯ ಸೀಮೆಯಲ್ಲಿ ಹತ್ತರಲ್ಲಿ ಒಂದು ಪಾಲು ನೆಲದಾಳಕ್ಕೆ ಇಳಿದರೆ ದೊಡ್ಡದು. ಅಂದರೆ ಎಕರೆಗೆ 2.6 ಲಕ್ಷ ಲೀಟರ್. ನಮ್ಮ ಧಾರೆ ವರ್ಷಕ್ಕೆ ಕೊಡುವುದು ಸುಮಾರು 15.8 ಲಕ್ಷ ಲೀಟರ್. ಭಾಗಿಸಿ ನೋಡಿ: ಆರು ಎಕರೆ ಬಂತು. ಬೆರಳುಗಾತ್ರದ ಧಾರೆಯ ಹಿಂದೆ ಆರು ಎಕರೆ ಇಳಿಜಾರು, ಅದರ ಮಣ್ಣು, ಅದರ ಮರ, ಅದರ ತರಗೆಲೆ ಎಲ್ಲ ದುಡಿಯುತ್ತಿರುತ್ತವೆ. ಚಿಲುಮೆ ಎಂದರೆ ಬೇಲಿ ಹಾಕಿದ ಕುಳಿ ಮಾತ್ರ ಎಂದು ತಿಳಿದವರು ಆ ಆರು ಎಕರೆಯನ್ನು ಬೋಳು ಮಾಡಿ, ಕುಳಿಗೆ ಮಾತ್ರ ಅಮೃತಶಿಲೆ ಹಾಸುತ್ತಾರೆ. ಇದು ನನ್ನನ್ನು ಬಹಳ ನೋಯಿಸುವ ಸಂಗತಿ. ಆದ್ದರಿಂದ ನಿಮ್ಮ ಭೇಟಿಯ ಅರ್ಧ ಹೊತ್ತನ್ನಾದರೂ ಸುತ್ತಲಿನ ಇಳಿಜಾರನ್ನು ನೋಡಲು ಇಟ್ಟುಕೊಳ್ಳಿ. ದಾರಿ ಬಿಟ್ಟು ಕಾಡಿನೊಳಗೆ ಹೋಗುವುದು ಬೇಡ. ಚಿರತೆ, ಕರಡಿ ಇರುವ ಕಾಡು ಅದು. ದಾರಿಯ ಬದಿಯಲ್ಲೇ ತರಗೆಲೆ ಸರಿಸಿ ಮಣ್ಣನ್ನು ಮುಟ್ಟಿ. ಬೋಳು ನೆಲವನ್ನೂ ಮುಟ್ಟಿ. ಯಾವುದು ಒದ್ದೆ, ಯಾವುದು ಮೆತ್ತಗೆ, ಬರೆದುಕೊಳ್ಳಿ.

ನೀರು ಇಷ್ಟು ತಿಳಿಯಾಗಿದೆಯಲ್ಲ, ಕುಡಿಯಬಹುದೇ? ತಿಳಿಯಾಗಿರುವುದಕ್ಕೆ ಕಾರಣಗಳಿವೆ: ಮಣ್ಣು, ಮರಳು ಸೋಸಿವೆ, ಕತ್ತಲಲ್ಲಿದ್ದುದರಿಂದ ಪಾಚಿ ಬೆಳೆದಿಲ್ಲ. ಆದರೆ ಕಾಯಿಲೆ ತರುವ ಬ್ಯಾಕ್ಟೀರಿಯಾ ಕಣ್ಣಿಗೆ ಕಾಣುವುದಿಲ್ಲ. ಕಲ್ಲಿನಿಂದ ಕರಗಿ ಬಂದ ಖನಿಜವೂ ಕಾಣುವುದಿಲ್ಲ. ಇದೇ ಜಿಲ್ಲೆಯ ಪಾವಗಡದ ಕಡೆ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಜನರ ಹಲ್ಲು, ಮೂಳೆ ಕೆಟ್ಟಿವೆ. ಅದೂ ಗಾಜಿನಷ್ಟು ತಿಳಿಯಾದ ನೀರೇ. ಕುಡಿಯುವ ನೀರನ್ನು ಮನೆಯಿಂದ ಒಯ್ಯಿರಿ.

ಬುತ್ತಿ ಚೀಲ ಮುಚ್ಚಿರಲಿ, ಕೋತಿಗಳಿವೆ. ಅವಕ್ಕೂ ಜಿಂಕೆಗಳಿಗೂ ಏನನ್ನೂ ಕೊಡಬೇಡಿ; ಮನುಷ್ಯರ ತಿಂಡಿ ಅವುಗಳ ಹೊಟ್ಟೆಗೆ ಒಗ್ಗುವುದಿಲ್ಲ. ಬೆಳಗ್ಗೆ ಬೇಗ ಹೋದರೆ ಬಂಡೆಗಳ ನಡುವಿನ ಕುರುಚಲಲ್ಲಿ ಹಳದಿ ಕತ್ತಿನ ಪಿಕಳಾರ ಕಾಣಬಹುದು. ದಕ್ಷಿಣ ಭಾರತದ ಕಲ್ಲುಬೆಟ್ಟಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲದ ಹಕ್ಕಿ ಅದು.

ಬೆಟ್ಟದ ಮೇಲಿನ ನರಸಿಂಹಸ್ವಾಮಿ ದೇವಸ್ಥಾನಕ್ಕೂ ಹೋಗುವುದಾದರೆ ಅಲ್ಲಿಂದ ಸುತ್ತ ನೋಡಿ. ಈ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿ ಸೇರುತ್ತದೆ. ಇಲ್ಲೇ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿ ಸೇರುತ್ತದೆ. ಅಕ್ಕಪಕ್ಕ ಬಿದ್ದ ಎರಡು ಹನಿಗಳಲ್ಲಿ ಒಂದು ತಮಿಳುನಾಡಿನ ಪೂಂಪುಹಾರ್ ಹತ್ತಿರ, ಇನ್ನೊಂದು ಆಂಧ್ರದ ನೆಲ್ಲೂರಿನ ಹತ್ತಿರ ಕಡಲು ಮುಟ್ಟಬಹುದು. ಆ ಎರಡು ಜಾಗಗಳ ನಡುವೆ 350 ಕಿಲೋಮೀಟರಿಗೂ ಹೆಚ್ಚು ದೂರ.

ಜಯಮಂಗಲಿ ಹರಿಯುವ ಕೊರಟಗೆರೆ, ಮಧುಗಿರಿ ಸೀಮೆಯ ಮಕ್ಕಳು ಮನೆಗೆ ಹೋಗಿ ಅಜ್ಜಿ ತಾತನನ್ನು ತಲಪರಿಗೆ ಬಗ್ಗೆ ಕೇಳಲೇಬೇಕು. ನೆಲದಡಿಯ ನೀರು ಮೇಲಕ್ಕೆ ಹತ್ತಿರವಿದ್ದ ಕಡೆ, ಕೆರೆಯ ಆಸುಪಾಸಿನಲ್ಲಿ, ಹೊಳೆಯ ಮರಳಿನಲ್ಲಿ ಕೆಲವೇ ಅಡಿ ಅಗೆದು ಒರತೆ ತೆರೆದು, ಆ ನೀರನ್ನು ಕಾಲುವೆ ಮಾಡಿ ಗದ್ದೆ ತೋಟಗಳಿಗೆ ಹರಿಸುತ್ತಿದ್ದರು. ಪಂಪು ಬೇಡ, ಕರೆಂಟು ಬೇಡ. ಯಾರ ಹೊಲಕ್ಕೆ ಯಾವ ಹೊತ್ತು ಎಂದು ಸರದಿ ಇರುತ್ತಿತ್ತು. ಊರವರೆಲ್ಲ ಸೇರಿ ಹೂಳು ತೆಗೆಯುತ್ತಿದ್ದರು. ಹೊಳೆಯ ಮರಳು ಲಾರಿ ಹತ್ತಿ ಹೋದ ಮೇಲೆ, ಕೊಳವೆಬಾವಿಗಳು ನೂರಾರು ಅಡಿ ಆಳದಿಂದ ನೀರೆಳೆಯತೊಡಗಿದ ಮೇಲೆ, ಎಷ್ಟೋ ತಲಪರಿಗೆಗಳು ಬತ್ತಿದವು. ಇನ್ನೂ ಹರಿಯುವಂಥವು ಕೆಲವಿವೆ. ನಿಮ್ಮೂರಿನಲ್ಲಿ ಒಂದಿದ್ದರೆ ನಿಮ್ಮ ಥರ್ಮಾಮೀಟರಿಗೂ ಬಾಟಲಿಗೂ ಅದಕ್ಕಿಂತ ಒಳ್ಳೆಯ ಕೆಲಸ ಇಲ್ಲ.

ಯಾವಾಗ ಹೋಗಬೇಕು? ನಾನಾದರೆ ಎರಡು ಸಲ ಹೋಗಲು ಹೇಳುತ್ತೇನೆ. ಈ ಕಡೆ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹಾಗಾಗಿ ಒಮ್ಮೆ ನವೆಂಬರಿನಲ್ಲಿ, ಇನ್ನೊಮ್ಮೆ ಪರೀಕ್ಷೆ ಮುಗಿದ ಏಪ್ರಿಲಿನಲ್ಲಿ. ಎರಡೂ ಸಲ ದಿನಾಂಕ, ಹೊತ್ತು, ಗಾಳಿಯ ಉಷ್ಣತೆ, ನೀರಿನ ಉಷ್ಣತೆ, ಬಾಟಲಿ ತುಂಬಿದ ಸೆಕೆಂಡು ಇಷ್ಟನ್ನು ಒಂದೇ ಪುಟದಲ್ಲಿ ಬರೆಯಿರಿ. ಉಷ್ಣತೆ ಒಂದೆರಡು ಡಿಗ್ರಿಗಿಂತ ಹೆಚ್ಚು ಬದಲಾಗಿದ್ದರೆ ಆ ನೀರು ಆಳದ್ದಲ್ಲ, ಮೇಲುಮೇಲಿನ ಮಣ್ಣಿನಲ್ಲಿ ಹರಿದು ಬಂದದ್ದು ಎಂದು ಊಹಿಸಬಹುದು. ಉಷ್ಣತೆ ಅಷ್ಟೇ ಇದ್ದು ಬಾಟಲಿ ತುಂಬಲು ಮೂರು ಪಟ್ಟು ಹೊತ್ತು ಹಿಡಿದರೆ, ಆಳದ ನೀರೇ ಕಡಿಮೆಯಾಗಿದೆ ಎಂದರ್ಥ. ಮುಂದಿನ ವರ್ಷ ಹೋಗುವವರಿಗೆ ಆ ಪುಟವನ್ನು ಕೊಡಿ. ಅವರು ಅದರ ಕೆಳಗೇ ತಮ್ಮ ಅಂಕಿ ಬರೆಯಲಿ.