ಖಾಸಗಿ ಕಟ್ಟೆಯ ಏರಿ: ಒಡೆತನ ಮತ್ತು ಹೊಣೆ



ಹಾಸನ, ಹೊಳೆನರಸೀಪುರ, ಅರಕಲಗೂಡು ಹಾಗೂ ಚನ್ನರಾಯಪಟ್ಟಣ ತಾಲ್ಲೂಕುಗಳ ಸದಸ್ಯರಲ್ಲಿ, ರೈತರು ಸ್ವಂತ ಹಿಡುವಳಿಯಲ್ಲಿ ಕಟ್ಟಿಕೊಂಡ ಮಣ್ಣಿನ ಕಟ್ಟೆಗಳ ಕುರಿತು ಒಂದು ಮಾತು.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯು 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೂ, ನಿಗದಿತ ಷರತ್ತಿಗೊಳಪಟ್ಟ 10ರಿಂದ 15 ಮೀಟರಿನವುಗಳಿಗೂ ಅನ್ವಯಿಸುತ್ತದೆ. ಗೊರೂರಿನ ಹೇಮಾವತಿ ಅಣೆಕಟ್ಟು ಅದರ ವ್ಯಾಪ್ತಿಯೊಳಗಿದೆ. ಎರಡಾಳೆತ್ತರದ ಕಟ್ಟೆ ಹೊರಗುಳಿಯುತ್ತದೆ. ಹಾಗೆಂದು ಮಾಲೀಕರ ಹೊಣೆ ತಪ್ಪುವುದಿಲ್ಲ.

ಕಾರ್ವೇಟಿನಗರದ ಜಮೀನ್ದಾರರ ಕೆರೆಗಳೊಡೆದು ರೈಲುಮಾರ್ಗಕ್ಕೆ ಹಾನಿಯಾದ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ 1874ರಲ್ಲಿ ತೀರ್ಪಿತ್ತಿತು. ಕೆರೆಯ ಪಾಲನೆ ಜಮೀನ್ದಾರರ ಕರ್ತವ್ಯವೆಂದು ಅದು ಒಪ್ಪಿತು. ನಿರ್ಲಕ್ಷ್ಯ ಸಾಬೀತಾಗದ ಕಾರಣ ಅವರನ್ನು ಪರಿಹಾರಕ್ಕೆ ಹೊಣೆಗಾರರನ್ನಾಗಿಸಲಿಲ್ಲ. ಪಾಲನೆ ನಡೆದಿದೆಯೇ ಎಂಬುದೇ ಅಲ್ಲಿನ ಮುಖ್ಯ ಪ್ರಶ್ನೆಯಾಗಿತ್ತು.

ಆದುದರಿಂದ ಮೊದಲು ಪಹಣಿ ಮತ್ತು ಗ್ರಾಮನಕ್ಷೆಯನ್ನು ಪರಿಶೀಲಿಸಿರಿ. ಜಮೀನು ಖಾಸಗಿಯಾಗಿದ್ದರೂ, 1964ರ ಭೂಕಂದಾಯ ಕಾಯ್ದೆಯ 67ನೇ ಪ್ರಕರಣದಂತೆ ಸಾರ್ವಜನಿಕ ಹಳ್ಳ ಸರ್ಕಾರದ ಸ್ವತ್ತು.

ಮುಂಗಾರಿಗೆ ಮುನ್ನ ಮಾಲೀಕರೊಡನೆ ಏರಿಯ ಮೇಲೂ ಬುಡದಲ್ಲೂ ನಡೆದು ನೋಡಿರಿ. ನೀರು ಹೆಚ್ಚು ನಿಲ್ಲಲೆಂದು ಕೋಡಿಗೆ ಮೂಟೆ ಅಡ್ಡವಿಟ್ಟಿದ್ದರೆ ತೆಗೆಸಿರಿ; ನೀರು ಏರಿಯನ್ನೇ ಹತ್ತಿ ಹರಿದರೆ ಮಣ್ಣು ಉಳಿಯದು. ಇಲಿ, ಏಡಿಗಳ ಬಿಲ, ಬಿರುಕು, ಕುಸಿತಗಳನ್ನು ಗುರುತಿಸಿರಿ. ಜಿನುಗುವ ನೀರು ಕದಡಿದ್ದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆಯೆಂದೇ ಅರ್ಥ. ತಡಮಾಡದೆ ಕೆಳಗಿನ ಮನೆಗಳವರನ್ನು ಎಚ್ಚರಿಸಿ, ಎಂಜಿನಿಯರರಿಗೂ ತಹಶೀಲ್ದಾರರಿಗೂ ತಿಳಿಸಿರಿ.

ಕಂಡದ್ದನ್ನು ದಿನಾಂಕ ಸಹಿತ ಬರೆದು, ಮಾಲೀಕರ ಸಹಿ ಪಡೆದು, ಸಭೆಯ ನಡವಳಿಯಲ್ಲಿ ದಾಖಲಿಸಿರಿ. ಕಟ್ಟೆ ಒಬ್ಬರದಾದರೂ ಅದರ ಕೆಳಗೆ ಬದುಕುವವರು ಊರಿನವರೆಲ್ಲರೂ ಎಂಬುದು ತಮ್ಮ ಗಮನದಲ್ಲಿರಲಿ.