ಕಲ್ಲು ನೆಟ್ಟರೆ ಸಾಲದು

(ರಜತ ಮಹೋತ್ಸವದ ಪೂರ್ವಭಾವಿ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತು)



ನಾನು ಭಾಷಣಗಾರನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ತೆಂಗು, ರಾಗಿ, ಎರಡು ಹಸು ಅಂತ ಬದುಕಿದವನು. ಸಂಘಕ್ಕೆ 25 ವರ್ಷ ತುಂಬಿದ ಈ ಹೊತ್ತಿನಲ್ಲಿ, ಹೆಬ್ಬೂರಿನಲ್ಲಿ ನನ್ನ ಜೊತೆ ಓದಿ, ಸೈನ್ಯಕ್ಕೆ ಸೇರಿ, ಜೀವಂತವಾಗಿ ಮರಳದ ಗೆಳೆಯನ ವಿಚಾರ ಹೇಳಬೇಕು. ಯಾರೆಂದು ನಿಮಗೆಲ್ಲ ಗೊತ್ತು.

1999ರಲ್ಲಿ ಕಾರ್ಗಿಲ್ ಯುದ್ಧ ನಡೆದಾಗ ನಾವು ಹತ್ತನೇ ತರಗತಿ. ಮೇಷ್ಟ್ರು ಪೇಪರ್ ತಂದು ಓದಿ ಹೇಳೋರು. ಆ ಯುದ್ಧದಲ್ಲಿ ನಮ್ಮ 527 ಯೋಧರು ಪ್ರಾಣ ಕೊಟ್ಟರು. ನಾವೆಲ್ಲ ಕೇಳಿ ಸುಮ್ಮನಾದೆವು, ಅವನು ಸುಮ್ಮನಾಗಲಿಲ್ಲ. ಮುಂದೆ ಒಂದು ದಿನ ಟ್ರಂಕು ಹಿಡಿದು ಕುಣಿಗಲ್ ರಸ್ತೆಯಲ್ಲಿ ಬಸ್ ಹತ್ತಿದ.

ಅವನ ಪಾರ್ಥಿವ ಶರೀರ ಬಂದ ದಿನ ರಸ್ತೆ ತುಂಬ ಜನ. ಮೊದಲ ವರ್ಷದ ತಿಥಿಗೆ ಶಾಮಿಯಾನ, ಫ್ಲೆಕ್ಸು, ಹಾರ. ಎರಡನೇ ವರ್ಷ ಹತ್ತು ಜನ. ಮೂರನೇ ವರ್ಷ ನಾನೂ ಹೋಗಲಿಲ್ಲ, ಅಡಿಕೆ ಕೊಯ್ಲು ಅನ್ನೋ ನೆಪ. ಮಾರನೇ ದಿನ ಡೇರಿ ಸಾಲಿನಲ್ಲಿ ನಿಂತಿದ್ದ ಅವನ ತಾಯಿ, "ನಿನ್ನೆ ದೀಪ ಹಚ್ಚಿ ಕಾದೆ ಕಣಪ್ಪ, ನಿಮ್ಮಲ್ಲಿ ಒಬ್ರಾದ್ರೂ ಬತ್ತೀರ ಅಂತ" ಅಂದರು. ಅವರು ಬೈದಿದ್ದರೆ ಚೆನ್ನಾಗಿತ್ತು. ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಇದು ಒಂದು ಮನೆಯ ಕಥೆಯಲ್ಲ. ಕುಂದಗೋಳ ತಾಲ್ಲೂಕು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಸಿಯಾಚಿನ್ ಹಿಮದಡಿ ಆರು ದಿನ ಜೀವ ಹಿಡಿದಿದ್ದು, 2016ರ ಫೆಬ್ರವರಿ 11ರಂದು ತೀರಿಕೊಂಡರು. ಮದ್ದೂರು ತಾಲ್ಲೂಕು ಗುಡಿಗೆರೆಯ ಗುರು 2019ರ ಫೆಬ್ರವರಿ 14ರಂದು ಪುಲ್ವಾಮದಲ್ಲಿ ಮಡಿದ ಕೇಂದ್ರ ಮೀಸಲು ಪೊಲೀಸ್ ಪಡೆಯ 40 ಮಂದಿಯಲ್ಲಿ ಒಬ್ಬರು. ಇಬ್ಬರೂ ನಮ್ಮಂಥ ಹಳ್ಳಿಯವರೇ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ 25 ಸಾವಿರಕ್ಕೂ ಹೆಚ್ಚು ಯೋಧರ ಹೆಸರು ಕೆತ್ತಿದ್ದಾರೆ. ದೊಡ್ಡ ಕೆಲಸ. ಆದರೆ ಹೆಬ್ಬೂರಿನ ತಾಯಿ ದೆಹಲಿಗೆ ಹೋಗಿ ಮಗನ ಹೆಸರು ಮುಟ್ಟಿ ನೋಡುವುದು ಯಾವಾಗ?

ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ಸತ್ತವನ ಊರಲ್ಲೇ ವೀರಗಲ್ಲು ನೆಡೋರು. ಕೆಳಗೆ ಅವನು ಕಾದಾಡಿದ್ದು, ನಡುವೆ ಅಪ್ಸರೆಯರು ಕರೆದೊಯ್ಯೋದು, ಮೇಲೆ ಶಿವನ ಸನ್ನಿಧಿ. ಗುರು ಅವರ ಅದೇ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ, ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೂ ಸಾವಿರ ವರ್ಷದ ಹಿಂದೆ ಕಲ್ಲು ನೆಟ್ಟು, ಅದರ ಪೂಜೆಗೆ ಭೂಮಿ ಬಿಟ್ಟರು. ಆ ಶಾಸನ ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಮಡಿದ ವೀರನ ಮನೆಯವರಿಗೂ ಜಮೀನು ಕೊಡೋರು, ಅದಕ್ಕೆ ನೆತ್ತರುಗೊಡಗೆ ಅಂತ ಹೆಸರು. ಅಂದರೆ ಕಲ್ಲು ಸತ್ತವನಿಗೆ, ಕೊಡಗೆ ಉಳಿದವರಿಗೆ. ನಾವು ಕಲ್ಲನ್ನಷ್ಟೇ ಕಲಿತು ಕೊಡಗೆಯನ್ನು ಮರೆತೆವು.

ಸಹಕಾರದ ತತ್ವ ಏನು? ಎಲ್ಲರಿಗಾಗಿ ನಾನು, ನನಗಾಗಿ ಎಲ್ಲರೂ. ಮೊದಲ ಅರ್ಧವನ್ನು ಅವನು ನಡೆಸಿಕೊಟ್ಟ. ಉಳಿದರ್ಧ ನಮ್ಮ ಮೇಲಿದೆ.

ಆದ್ದರಿಂದ ನನ್ನ ವಿನಂತಿ ಇಷ್ಟು. ಓದಿದ ಶಾಲೆಯ ಆವರಣದಲ್ಲಿ ಒಂದು ಕಲ್ಲು ನೆಡೋಣ. ಅದರಲ್ಲಿ ಅವನ ಹೆಸರು, ರೆಜಿಮೆಂಟು, ಇಸವಿ ಇರಲಿ; ದಾನಿಗಳ ಹೆಸರು ಬೇಡ. ಖರ್ಚು ನಾವು ಸಹಪಾಠಿಗಳೇ ಹಾಕುತ್ತೇವೆ. ಸರ್ವ ಸದಸ್ಯರ ಸಭೆ ಒಪ್ಪಿದರೆ ಲಾಭದಲ್ಲಿ ಒಂದು ಪಾಲು ದತ್ತಿ ಇಟ್ಟು, ಅದರ ಬಡ್ಡಿಯಲ್ಲಿ ಪ್ರತಿ ವರ್ಷ ಹತ್ತನೇ ತರಗತಿಯ ಒಂದು ಮಗುವಿಗೆ ಅವನ ತಾಯಿಯ ಕೈಯಿಂದಲೇ ಬಹುಮಾನ ಕೊಡಿಸೋಣ. ಪಿಂಚಣಿ ಕಾಗದ, ಸೈನಿಕ ಕಲ್ಯಾಣ ಇಲಾಖೆ ಅಂತ ಆ ಮನೆಯವರು ಅಲೆಯುವಾಗ ನಮ್ಮಲ್ಲೊಬ್ಬರು ಜೊತೆಗೆ ಹೋಗೋಣ. ಡಿಸೆಂಬರ್ 7ರ ಧ್ವಜ ದಿನಾಚರಣೆ 1949ರಿಂದ ನಡೆದುಬಂದಿದೆ. ಆ ದಿನ ಡೇರಿಯಲ್ಲೂ ಒಂದು ಹುಂಡಿ ಇಡೋಣ.

ಇದೆಲ್ಲ ಆಗಲು ಸಮಯ ಬೇಕು. ಆದರೆ ಈ ಸಲದ ತಿಥಿಗೆ ಆ ಮನೆ ಬಾಗಿಲಿಗೆ ಹೋಗಲು ಯಾವ ನಿರ್ಣಯವೂ ಬೇಕಿಲ್ಲ. ನಾನು ಹೋಗುತ್ತೇನೆ. ನೀವೂ ಬನ್ನಿ.

ಜೈ ಜವಾನ್, ಜೈ ಕಿಸಾನ್. ಜೈ ಸಹಕಾರ.